1.5 ಮೀಟರ್ ಆಳದಲ್ಲಿ ನಿಲ್ಲು ಅಂದರೆ ನಿಲ್ಲದ ಎಯುವಿ: ಪಿಐಡಿ ತಿರುಗಿಸಿ ಸಾಕಾಯ್ತು

ಮುಳುಗುಮೀನು · ಶುಕ್ರವಾರ ರಾತ್ರಿ 11:20

ನಾವು ಐದು ಜನ, ಇಂಜಿನಿಯರಿಂಗ್ ಕೊನೆ ವರ್ಷ. ಪ್ರಾಜೆಕ್ಟಿಗೆ ಎಯುವಿ ಮಾಡುತ್ತಿದ್ದೇವೆ. ದಡದಲ್ಲಿ ಯಾರೂ ರಿಮೋಟ್ ಹಿಡಿಯದೆ, ನೀರೊಳಗೆ ತಾನೇ ದಾರಿ ನೋಡಿಕೊಂಡು ಓಡುವ ವಾಹನ. ತೂಕ 18 ಕೆಜಿ. ಪಿವಿಸಿ ಪೈಪಿನ ಚೌಕಟ್ಟು, ನಡುವೆ ಅಕ್ರಿಲಿಕ್ ಕೊಳವೆ, ಆರು ಥ್ರಸ್ಟರ್ (ನೀರು ತಳ್ಳುವ ಮೋಟಾರ್ ಫ್ಯಾನು). ನಾಲ್ಕು ಅಡ್ಡಕ್ಕೆ, ಎರಡು ಮೇಲೆ ಕೆಳಗೆ ಹೋಗಲು. ಒಳಗೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಎಸ್‌ಟಿಎಂ32 ಅನ್ನುವ ಕಂಟ್ರೋಲರ್ ಚಿಪ್ಪು, 30 ಬಾರ್‌ನ ಒತ್ತಡ ಸೆನ್ಸರ್, ವಾಲಿಕೆ ಮತ್ತು ದಿಕ್ಕು ಹೇಳುವ ಒಂದು ಐಎಂಯು. ಕಂಟ್ರೋಲ್ ಕೋಡ್ ಪೂರ್ತಿ ನಮ್ಮದೇ. ಆಳ ಹಿಡಿಯುವುದು ಪಿಐಡಿ: ಪಿ ಈಗಿನ ತಪ್ಪಿಗೆ ತಕ್ಕಂತೆ ತಳ್ಳುತ್ತದೆ, ಐ ಇದುವರೆಗಿನ ತಪ್ಪು ಕೂಡಿಸಿಕೊಂಡು, ಡಿ ತಪ್ಪು ಬದಲಾಗುವ ವೇಗ ನೋಡಿಕೊಂಡು.

ಈಗ ಸಮಸ್ಯೆ. 1.5 ಮೀಟರ್ ಆಳದಲ್ಲಿ ನಿಲ್ಲು ಅಂದರೆ ನಿಲ್ಲುವುದಿಲ್ಲ. 25 ಸೆಂಮೀ ಮೇಲೆ, 25 ಸೆಂಮೀ ಕೆಳಗೆ, ಉಯ್ಯಾಲೆ ಆಡುತ್ತದೆ. ಒಂದು ಸಲ ಹೋಗಿ ಬರಲು ಎಂಟು ಸೆಕೆಂಡ್. ಪಿ ಕಡಿಮೆ ಮಾಡಿದರೆ ನಿಧಾನಕ್ಕೆ ಆಡುತ್ತದೆ, ಜಾಸ್ತಿ ಮಾಡಿದರೆ ಬೇಗ ಆಡುತ್ತದೆ. ಡಿ ಜಾಸ್ತಿ ಮಾಡಿದರೆ ಥ್ರಸ್ಟರ್ ಕಿಟ್ ಕಿಟ್ ಅನ್ನುತ್ತದೆ, ಅಷ್ಟೇ. ಹದಿನೈದು ದಿನದಿಂದ ಇದೇ ಕೆಲಸ. ಈಜುಕೊಳ ನಮಗೆ ಸಿಗುವುದು ಬೆಳಿಗ್ಗೆ 6ರಿಂದ 7:30ರವರೆಗೆ ಮಾತ್ರ. ಆಮೇಲೆ ಮಕ್ಕಳ ಕ್ಲಾಸು.

ಬ್ಯಾಲೆನ್ಸ್ ಮಾತ್ರ ಸೂಪರ್ ಆಗಿದೆ. ಎರಡು ದಿನ ಕೂತು ಸೀಸದ ತುಂಡು, ವಾಷರ್ ಒಂದೊಂದೇ ಹಾಕಿ ತೂಗಿಸಿದ್ದೇವೆ. ನೀರಲ್ಲಿ ಬಿಟ್ಟರೆ ಮುಳುಗುವುದೂ ಇಲ್ಲ, ತೇಲುವುದೂ ಇಲ್ಲ, ಬಿಟ್ಟಲ್ಲೇ ನಿಲ್ಲುತ್ತದೆ. ಹಾಗಾಗಿ ತಪ್ಪು ಕೋಡಿನಲ್ಲೇ ಇರಬೇಕು. ಪಿಐಡಿ ಬಿಟ್ಟು ಎಲ್‌ಕ್ಯೂಆರ್ ಅನ್ನುವ ಬೇರೆ ಕಂಟ್ರೋಲ್ ವಿಧಾನಕ್ಕೆ ಹೋಗೋಣವಾ? ಇಲ್ಲ, ವಾಹನ ತಾನೇ ಮಾಡಿ ಮಾಡಿ ಕಲಿಯುವ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ ಹಾಕೋಣವಾ?

ಪಿಐಡಿ_ಅಪ್ಪ · ಶುಕ್ರವಾರ ರಾತ್ರಿ 11:52

ಎರಡೂ ಬೇಡ. ಲಾಗ್ ಹಾಕಿ.

ಯಾಕ್_ಬೇಕು · ಶನಿವಾರ ಬೆಳಿಗ್ಗೆ 7:05

ನನಗೆ ಈ ವಿಷಯ ಗೊತ್ತಿಲ್ಲ, ಸುಮ್ನೆ ಕುತೂಹಲ. ಡ್ರೋನ್‌ಗಳು ಗಾಳಿಯಲ್ಲಿ ಕಲ್ಲಿನ ಹಾಗೆ ನಿಲ್ಲುತ್ತವಲ್ಲ, ಅದನ್ನೇ ಇಲ್ಲೂ ಹಾಕಿದರೆ ಆಗುವುದಿಲ್ಲವಾ? ಜಿಪಿಎಸ್ ಇದ್ದರೆ ಮುಗೀತು ಅಲ್ವಾ?

ಫ್ಯೋರ್ಡ್_ತಟ್ಟೆಇಡ್ಲಿ · ಶನಿವಾರ ಬೆಳಿಗ್ಗೆ 9:30

@ಯಾಕ್_ಬೇಕು ಜಿಪಿಎಸ್ ಸಿಗ್ನಲ್ ನೀರೊಳಗೆ ಇಳಿಯುವುದಿಲ್ಲ. ವೈಫೈ ತರಂಗವೂ ಒಂದು ಗೇಣು ಹೋಗುವಷ್ಟರಲ್ಲಿ ಸತ್ತುಹೋಗುತ್ತದೆ. ದೂರ ಹೋಗುವುದು ಶಬ್ದ ಒಂದೇ. ಅದು ಸೆಕೆಂಡಿಗೆ ಸುಮಾರು 1500 ಮೀಟರ್ ಹೋಗುತ್ತದೆ. ಗಾಳಿಯಲ್ಲಿ ಹೋಗುವುದಕ್ಕಿಂತ ನಾಲ್ಕು ಪಟ್ಟು ಬೇಗ, ಆದರೆ ರೇಡಿಯೊ ಮುಂದೆ ಏನೂ ಅಲ್ಲ. ಮೂರು ಕಿಲೋಮೀಟರ್ ದೂರದ ವಾಹನವನ್ನು "ಹೇಗಿದ್ದೀಯ" ಅಂತ ಕೇಳಿದರೆ ಉತ್ತರ ಬರಲು ನಾಲ್ಕು ಸೆಕೆಂಡ್ ಬೇಕು. ಬರುವುದೂ ಕೆಲವೇ ಅಕ್ಷರ. ಅದಕ್ಕೇ ಇದನ್ನು ದಡದಲ್ಲಿ ಕೂತು ಓಡಿಸಲು ಆಗುವುದಿಲ್ಲ. ತಲೆ ಅದರೊಳಗೇ ಇರಬೇಕು.

ಇನ್ನು ನಿಮ್ಮ ಫೋನಿನಲ್ಲಿರುವಂಥ ಆಕ್ಸಿಲರೋಮೀಟರ್ (ವೇಗ ಬದಲಾಗುವುದನ್ನು ಅಳೆಯುವ ಸೆನ್ಸರ್) ನಂಬಿಕೊಂಡು ಹೋಗೋಣ ಅಂದರೆ ಒಂದು ಲೆಕ್ಕ ನೋಡಿ. ಸೆನ್ಸರ್‌ನಲ್ಲಿ ಗುರುತ್ವದ ಸಾವಿರದ ಒಂದು ಪಾಲಿನಷ್ಟು ತಪ್ಪು ಇದೆ ಅಂದುಕೊಳ್ಳಿ. ಅದನ್ನು ಎರಡು ಸಲ ಕೂಡಿಸಿ ದೂರ ತೆಗೆದರೆ ಒಂದು ನಿಮಿಷಕ್ಕೆ 18 ಮೀಟರ್ ತಪ್ಪುತ್ತದೆ. ಈಜುಕೊಳವೇ 25 ಮೀಟರ್!

ದೊಡ್ಡ ವಾಹನಗಳು ಇದಕ್ಕೆ ಡಿವಿಎಲ್ ಹಾಕುತ್ತವೆ. ನಾಲ್ಕು ಕಡೆ ಓರೆಯಾಗಿ ನೆಲಕ್ಕೆ ಶಬ್ದ ಬಿಟ್ಟು, ತಿರುಗಿ ಬಂದ ಶಬ್ದದ ಡಾಪ್ಲರ್ ವ್ಯತ್ಯಾಸದಿಂದ (ಸ್ವರ ಎಷ್ಟು ಏರಿಳಿದಿದೆ ಅನ್ನುವುದರಿಂದ) ತನ್ನ ವೇಗ ಕಂಡುಕೊಳ್ಳುವ ಸಾಧನ. ಚಿಕ್ಕದಕ್ಕೂ ಲಕ್ಷಗಟ್ಟಲೆ ಬೆಲೆ. ವಿದ್ಯಾರ್ಥಿಗಳ ಕೈಗೆ ಎಟುಕುವಂಥದ್ದಲ್ಲ.

ಆಳ ಒಂದು ಮಾತ್ರ ನೀರೊಳಗೆ ಸುಲಭ. 10 ಮೀಟರಿಗೆ ಸುಮಾರು ಒಂದು ಬಾರ್ ಒತ್ತಡ. ಸೆನ್ಸರ್ ನೇರವಾಗಿ ಹೇಳಿಬಿಡುತ್ತದೆ. ಅದೇ ನಿಲ್ಲುತ್ತಿಲ್ಲ ಅಂದರೆ ಎಲ್ಲೋ ಸಣ್ಣ ವಿಷಯ ತಪ್ಪಿದೆ. ಲಾಗ್ ಬರಲಿ.

ತಿರುಪು_ಬಿಗಿ · ಶನಿವಾರ ಬೆಳಿಗ್ಗೆ 10:15

ಪಿವಿಸಿ ಪೈಪಿಗೆ ತೂತು ಹೊಡೆದಿದ್ದೀರಾ?

ಮುಳುಗುಮೀನು · ಶನಿವಾರ ಮಧ್ಯಾಹ್ನ 1:40

@ತಿರುಪು_ಬಿಗಿ ಇಲ್ಲ ಸರ್. ಎಲ್ಲ ಮೂಲೆಗೂ ಸೊಲ್ಯೂಷನ್ ಹಾಕಿ ಅಂಟಿಸಿದ್ದೇವೆ, ನೀರು ಹೋಗುವುದಿಲ್ಲ.

ಲಾಗ್ ಇಲ್ಲಿದೆ. ಲೂಪ್ 100 ಹರ್ಟ್ಸ್, ಅಂದರೆ 10 ಮಿಲಿಸೆಕೆಂಡಿಗೆ ಒಂದು ಸಾಲು. ಮೊದಲನೆಯದು ಆಳ (ಮೀಟರ್), ಎರಡನೆಯದು ಥ್ರಸ್ಟರ್‌ಗೆ ಹೋಗುವ ಪಲ್ಸ್ (ಮೈಕ್ರೋಸೆಕೆಂಡ್). 1500 ಅಂದರೆ ನಿಲ್ಲು, ಅದಕ್ಕಿಂತ ಕಡಿಮೆ ಇದ್ದರೆ ಕೆಳಕ್ಕೆ ತಳ್ಳು, ಜಾಸ್ತಿ ಇದ್ದರೆ ಮೇಲಕ್ಕೆ. ಗುರಿ 1.500. ಮಧ್ಯದಿಂದ ಕತ್ತರಿಸಿ ಹಾಕಿದ್ದೇನೆ.

1.482 — 1489
1.482 — 1489
1.482 — 1489
1.490 — 1546
1.490 — 1494
1.490 — 1494
1.490 — 1494
1.497 — 1543

ಪಿಐಡಿ_ಅಪ್ಪ · ಶನಿವಾರ ಮಧ್ಯಾಹ್ನ 2:10

ಸಿಕ್ಕಿತು ನೋಡಿ. 1.490 ಎಷ್ಟು ಸಲ ಬಂದಿದೆ, ಎಣಿಸಿ.

ನಾಲ್ಕು ಸಲ. ನಿಮ್ಮ ಲೂಪ್ 100 ಹರ್ಟ್ಸ್ ಓಡುತ್ತಿದೆ, ಸೆನ್ಸರ್ ಓಡುತ್ತಿಲ್ಲ. ಈ ಜಾತಿಯ ಒತ್ತಡದ ಚಿಪ್ಪಿಗೆ ಹೆಚ್ಚು ನಿಖರತೆಯ ಮೋಡಿನಲ್ಲಿ ಒಂದು ಓದಿಗೆ ಸುಮಾರು 18 ಮಿಲಿಸೆಕೆಂಡ್ ಬೇಕು. ಒತ್ತಡ ಒಂದು ಸಲ, ತಾಪಮಾನ ಒಂದು ಸಲ. ಹತ್ತಿರ ಹತ್ತಿರ 40 ಆಯಿತು. ಅಂದರೆ ಸೆಕೆಂಡಿಗೆ 25 ಹೊಸ ಓದು ಬಂದರೆ ಹೆಚ್ಚು. ನಡುವಿನ ಮೂರು ಸಾಲು ಹಳಸಿದ ಅನ್ನ.

ಈಗ ಡಿ ಏನು ಮಾಡುತ್ತದೆ ನೋಡಿ. ಮೂರು ಸಾಲು "ವಾಹನ ಅಲ್ಲಾಡುತ್ತಲೇ ಇಲ್ಲ" ಅಂದುಕೊಳ್ಳುತ್ತದೆ. ನಾಲ್ಕನೆಯದಕ್ಕೆ 8 ಮಿಮೀ ಹಾರಿತು. ಅದನ್ನು 10 ಮಿಲಿಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 0.8 ಮೀಟರ್ ವೇಗ. "ಅಯ್ಯೋ, ಕಲ್ಲಿನ ಹಾಗೆ ಬೀಳುತ್ತಿದ್ದೇವೆ" ಅಂತ ಕಿರುಚಿ 1546 ಕಳಿಸುತ್ತದೆ. ನಿಜವಾದ ವೇಗ 0.2. ಆ ಕಿರುಚಾಟ ಇರುವುದು ಒಂದೇ ಸಾಲು. ಥ್ರಸ್ಟರ್ ತಿರುಗಲು ಶುರು ಮಾಡುವಷ್ಟರಲ್ಲಿ ಮುಗಿದಿರುತ್ತದೆ. ನಿಮ್ಮ ಕಿಟ್ ಕಿಟ್ ಇದೇ.

ಹೊಸ ಓದು ಬಂದಾಗ ಮಾತ್ರ ಡಿ ಲೆಕ್ಕ ಹಾಕಿ, ಭಾಗಿಸುವುದು 40 ಮಿಲಿಸೆಕೆಂಡಿನಿಂದ. ಇಲ್ಲದಿದ್ದರೆ ಆ ಲೂಪನ್ನೇ 25 ಹರ್ಟ್ಸ್‌ಗೆ ಇಳಿಸಿ. ಮರ್ಯಾದೆ ಏನೂ ಹೋಗುವುದಿಲ್ಲ. 18 ಕೆಜಿ ವಸ್ತು ನೀರಲ್ಲಿ ಅಲ್ಲಾಡುವ ವೇಗಕ್ಕೆ ಅದು ಧಾರಾಳವಾಯಿತು.

ಮುಳುಗುಮೀನು · ಶನಿವಾರ ಮಧ್ಯಾಹ್ನ 2:25

ಅಯ್ಯೋ ದೇವರೇ. ಈ ಲಾಗನ್ನು ನಾವು ಐದೂ ಜನ ನೋಡಿದ್ದೇವೆ ಸರ್. ಗ್ರಾಫ್ ಮಾಡಿ ನೋಡಿದ್ದು. ಗ್ರಾಫಲ್ಲಿ ಗೆರೆ ನುಣ್ಣಗೇ ಕಾಣುತ್ತಿತ್ತು.

ತಿರುಪು_ಬಿಗಿ · ಶನಿವಾರ ಮಧ್ಯಾಹ್ನ 3:00

ಅಪ್ಪನವರು ಎಡಗಡೆ ಸಾಲು ನೋಡಿದರು. ನಾನು ಬಲಗಡೆ ನೋಡುತ್ತೇನೆ.

1489, 1494. ಈ ಸಾಲುಗಳಲ್ಲಿ ನಿಮ್ಮ ಥ್ರಸ್ಟರ್ ತಿರುಗುತ್ತಲೇ ಇಲ್ಲ. ಥ್ರಸ್ಟರ್ ಓಡಿಸುವ ಇಎಸ್‌ಸಿ ಸರ್ಕ್ಯೂಟಿನ ಮಾಹಿತಿ ಹಾಳೆ ತೆಗೆದು ಓದಿ. ಸಾಮಾನ್ಯವಾಗಿ 1500ರ ಆಚೀಚೆ 25 ಮೈಕ್ರೋಸೆಕೆಂಡ್ ಡೆಡ್‌ಬ್ಯಾಂಡ್ ಇರುತ್ತದೆ. 1475ರಿಂದ 1525ರ ಒಳಗೆ ಏನು ಕಳಿಸಿದರೂ ಅದು ನಿದ್ದೆ. ನಿಮ್ಮ ಪಿ ಲೆಕ್ಕದ ಪ್ರಕಾರ 18 ಮಿಮೀ ತಪ್ಪಿಗೆ 11 ಮೈಕ್ರೋಸೆಕೆಂಡ್. ಅಂದರೆ ಗುರಿಯ ಆಚೀಚೆ 4 ಸೆಂಮೀ ಒಳಗೆ ನಿಮ್ಮ ವಾಹನಕ್ಕೆ ಯಜಮಾನ ಇಲ್ಲ. ಹೋದ ವೇಗದಲ್ಲೇ ಆ ಜಾಗ ದಾಟಿ ಆಚೆ ಹೋಗುತ್ತದೆ. ಆಚೆ ಹೋದ ಮೇಲೆ ಥ್ರಸ್ಟರ್ ಎದ್ದು ವಾಪಸ್ ನೂಕುತ್ತದೆ. ಮತ್ತೆ ದಾಟುತ್ತದೆ. ಉಯ್ಯಾಲೆ ಅಂದರಲ್ಲ, ಇದೇ ಅದು.

ಇದಕ್ಕೆ ಕಾರಣ ನೀವು ಹೆಮ್ಮೆಯಿಂದ ಹೇಳಿದ ಆ ಬ್ಯಾಲೆನ್ಸು. ಬಿಟ್ಟಲ್ಲೇ ನಿಲ್ಲುವ ಹಾಗೆ ತೂಗಿಸಿದರೆ ಥ್ರಸ್ಟರ್‌ಗೆ ಬೇಕಾದ ಬಲ ಸೊನ್ನೆ. ಸೊನ್ನೆ ಅಂದರೆ ಸರಿಯಾಗಿ ಡೆಡ್‌ಬ್ಯಾಂಡಿನ ನಟ್ಟನಡುವೆ. ಎರಡು ದಿನ ಕೂತು ಕೆಟ್ಟ ಜಾಗಕ್ಕೇ ತಂದು ನಿಲ್ಲಿಸಿದ್ದೀರಿ.

ಆ ವಾಷರ್ ಎಲ್ಲ ಬಿಚ್ಚಿ. ಫೋಮ್ ಕಟ್ಟಿ, ವಾಹನ 250 ಗ್ರಾಂನಷ್ಟು ತೇಲಲಿ. ಆಗ ಥ್ರಸ್ಟರ್ ಸದಾ ಸ್ವಲ್ಪ ಕೆಳಕ್ಕೆ ತಳ್ಳುತ್ತಲೇ ಇರಬೇಕಾಗುತ್ತದೆ. ಮೇಲೆ ಬರಬೇಕಾ, ತಳ್ಳುವುದನ್ನು ಕಡಿಮೆ ಮಾಡಿದರೆ ಸಾಕು. ಸೊನ್ನೆ ದಾಟುವ ಪ್ರಶ್ನೆಯೇ ಬರುವುದಿಲ್ಲ. ಗಾಳಿಪಟದ ದಾರ ಯಾವಾಗಲೂ ಬಿಗಿ ಇರಬೇಕಲ್ಲ, ಹಾಗೆ.

ಇನ್ನೊಂದು ಲಾಭ. ಬ್ಯಾಟರಿ ಸತ್ತರೆ, ಕೋಡ್ ನಿಂತರೆ, ತಾನೇ ಮೇಲೆ ಬರುತ್ತದೆ. ನಿಮ್ಮದು ಈಗ ಸತ್ತರೆ ನಡು ನೀರಲ್ಲಿ ತ್ರಿಶಂಕು.

ಪಿಐಡಿ_ಅಪ್ಪ · ಶನಿವಾರ ಸಂಜೆ 4:20

@ತಿರುಪು_ಬಿಗಿ ಡೆಡ್‌ಬ್ಯಾಂಡ್ ವಿಷಯ ಒಪ್ಪಿದೆ. ಆದರೆ ಅದಕ್ಕೆ ಫೋಮ್ ಯಾಕೆ? ಕೋಡಿನಲ್ಲೇ ಸರಿಮಾಡಬಹುದು. ಔಟ್‌ಪುಟ್ ಸೊನ್ನೆಗಿಂತ ಚೂರು ಜಾಸ್ತಿ ಆದ ತಕ್ಷಣ ನೇರ 1525ಕ್ಕೆ ಹಾರಿಸಿ, ಚೂರು ಕಡಿಮೆ ಆದರೆ 1475ಕ್ಕೆ. ಎರಡು ಸಾಲು ಕೋಡ್.

ತಿರುಪು_ಬಿಗಿ · ಶನಿವಾರ ಸಂಜೆ 4:35

ಆ ಎರಡು ಸಾಲು ಹಾಕಿ ಗುರಿಯ ಹತ್ತಿರ ಬಂದಾಗ ಥ್ರಸ್ಟರ್ ಹೇಗೆ ಆಡುತ್ತದೆ ಕಿವಿಗೊಟ್ಟು ಕೇಳಿ. ಮುಂದೆ, ಹಿಂದೆ, ಮುಂದೆ, ಹಿಂದೆ. ಬೆಳಗಾವಿ ಬಸ್ಸಿನ ಕ್ಲಚ್ಚು. 60 ರೂಪಾಯಿ ಫೋಮಿನಲ್ಲಿ ಮುಗಿಯುವ ಕೆಲಸ.

ಫ್ಯೋರ್ಡ್_ತಟ್ಟೆಇಡ್ಲಿ · ಶನಿವಾರ ಸಂಜೆ 6:10

ಇಬ್ಬರದ್ದೂ ಸರಿ, ಆದರೆ ನನ್ನ ವೋಟು ಫೋಮಿಗೆ. ಕೋಡಿನ ದಾರಿ ಕೆಲಸ ಮಾಡಲು ಡೆಡ್‌ಬ್ಯಾಂಡಿನ ಅಂಚು ಎಲ್ಲಿದೆ ಅಂತ ಸರಿಯಾಗಿ ಗೊತ್ತಿರಬೇಕು. ಅದು ಒಂದೊಂದು ಥ್ರಸ್ಟರ್‌ಗೆ ಒಂದೊಂದು ಥರ, ಬ್ಯಾಟರಿ ಇಳಿದಂತೆ ಇನ್ನೊಂದು ಥರ. ಭೌತವಿಜ್ಞಾನದಲ್ಲಿ ಬಗೆಹರಿಯುವುದನ್ನು ಕೋಡಿಗೆ ತರಬಾರದು.

ಒಂದು ಸೇರಿಸುತ್ತೇನೆ. 250 ಗ್ರಾಂ ತಡೆಯಲು ಬೇಕಾದ ಬಲ ನಿಮಗೆ ಮೊದಲೇ ಗೊತ್ತು ಅಲ್ವಾ? ಅದನ್ನು ಐ ತಾನೇ ಹುಡುಕಲಿ ಅಂತ ಬಿಡಬೇಡಿ. ನೇರವಾಗಿ ಔಟ್‌ಪುಟ್‌ಗೆ ಕೂಡಿಸಿಬಿಡಿ. ಪಿಐಡಿಗೆ ಉಳಿದ ಸಣ್ಣ ತಪ್ಪು ಮಾತ್ರ ಸಿಗುತ್ತದೆ.

ಐಗೆ ಒಂದು ಮಿತಿಯೂ ಹಾಕಿ. ವಾಹನ ಈಗ ತೇಲುತ್ತದೆ, ಶುರುವಿನಲ್ಲಿ ಮೇಲಿನ ಥ್ರಸ್ಟರ್‌ಗಳು ನೀರಿನ ಮೇಲ್ಮೈಗೆ ಹತ್ತಿರ ಇರುತ್ತವೆ. ಅಲ್ಲಿ ಅವು ಗಾಳಿ ಎಳೆದುಕೊಂಡು ಬುಸ್ ಬುಸ್ ಅನ್ನುತ್ತವೆ, ತಳ್ಳುವುದಿಲ್ಲ. "ಇನ್ನೂ ಇಳಿದಿಲ್ಲ, ಇನ್ನೂ ಇಳಿದಿಲ್ಲ" ಅಂತ ಐ ಲೆಕ್ಕ ಗುಡ್ಡೆ ಹಾಕುತ್ತಾ ಹೋಗುತ್ತದೆ. ಕಡೆಗೆ ಥ್ರಸ್ಟರ್‌ಗೆ ನೀರು ಸಿಕ್ಕ ಕ್ಷಣ ಆ ಗುಡ್ಡೆಯೆಲ್ಲ ಒಂದೇ ಸಲ ಖರ್ಚಾಗಿ, ವಾಹನ ಹೋಗಿ ಕೊಳದ ತಳಕ್ಕೆ ಕುಟ್ಟುತ್ತದೆ. ನಮ್ಮ ಲ್ಯಾಬಿನಲ್ಲಿ ಒಂದು ಕ್ಯಾಮೆರಾ ಗಾಜು ಹೀಗೇ ಹೋಗಿದೆ. ಕೋಡ್ ಬರೆದವನು ನಾನೇ.

ಕಡಲಹಕ್ಕಿ · ಶನಿವಾರ ರಾತ್ರಿ 9:45

ತಡವಾಗಿ ಬಂದೆ ಮಾರಾಯ್ರೆ. ನಾನು ಸರ್ವೆ ಹಡಗಿನಲ್ಲಿ ಇರುವವನು, ಊರು ಕುಮಟಾ ಕಡೆ. ಕೋಡ್ ನನಗೆ ಅಷ್ಟು ಬರುವುದಿಲ್ಲ, ನೀರು ಗೊತ್ತು.

ತಿರುಪಿನವರು ಹೇಳಿದ 250 ಗ್ರಾಂ ಸಿಹಿನೀರಿನ ಲೆಕ್ಕ. ಮುಂದೆ ಸಮುದ್ರಕ್ಕೆ ಇಳಿಸುವ ಯೋಚನೆ ಇದ್ದರೆ ನೆನಪಿಡಿ, ಉಪ್ಪುನೀರು ಸುಮಾರು ಎರಡೂವರೆ ಪರ್ಸೆಂಟ್ ಭಾರ. ಲೀಟರಿಗೆ 1025 ಗ್ರಾಂ. ನಿಮ್ಮದು 18 ಲೀಟರ್ ಜಾಗ ಹಿಡಿಯುವ ವಾಹನ, ಹಾಗಾಗಿ ಸಮುದ್ರದಲ್ಲಿ ಇನ್ನೂ 450 ಗ್ರಾಂ ಜಾಸ್ತಿ ತೇಲುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ವಾಹನವನ್ನು ಈಜುಕೊಳದಲ್ಲಿ ತೂಗಿಸಿ ನೇರ ಸಮುದ್ರಕ್ಕೆ ತಂದಿದ್ದರು. ಇಳಿಸಿದೆವು. ಬೆಂಡಿನ ಹಾಗೆ ತೇಲಿತು. ಥ್ರಸ್ಟರ್ ಬೊಬ್ಬೆ ಹೊಡೆದದ್ದೇ ಬಂತು, ಒಂದು ಮೊಳವೂ ಇಳಿಯಲಿಲ್ಲ. ಆ ದಿನ ಹಡಗಿನಲ್ಲಿ ಇದ್ದಬದ್ದ ಸಂಕೋಲೆ ತುಂಡುಗಳನ್ನೆಲ್ಲ ಕಟ್ಟಿದೆವು.

ಇನ್ನೂ ತಮಾಷೆ ಅಳಿವೆಯಲ್ಲಿ. ಮಳೆ ಬಿಟ್ಟ ಹೊಸತರಲ್ಲಿ ನಮ್ಮ ಅಘನಾಶಿನಿ ಅಳಿವೆಯಂಥ ಕಡೆ ಮೇಲೆ ಹೊಳೆಯ ಸಿಹಿನೀರು, ಅಡಿಯಲ್ಲಿ ಉಪ್ಪುನೀರು, ಎರಡು ಪದರ. ಮೇಲಿನ ನೀರಿಗೆ ಸರಿಯಾಗಿ ತೂಗಿಸಿದ ವಾಹನ ಇಳಿಯುತ್ತಾ ಹೋಗಿ ಒಂದು ಕಡೆ ಟಕ್ ಅಂತ ನಿಂತುಬಿಡುತ್ತದೆ, ಗಾಜಿನ ಮೇಲೆ ಕೂತ ಹಾಗೆ. ಕಂಟ್ರೋಲ್ ಮಾಡುವವನು ಮೋಟಾರ್ ಸುಟ್ಟಿತು ಅಂದುಕೊಳ್ಳುತ್ತಾನೆ.

ಯಾಕ್_ಬೇಕು · ಭಾನುವಾರ ಬೆಳಿಗ್ಗೆ 8:20

ಓದಲು ಮಜಾ ಇದೆ. ಒಂದು ಗಂಭೀರ ಪ್ರಶ್ನೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿ ಗಂಗಾವಳಿ ಹೊಳೆಗೆ ಹೋಯಿತಲ್ಲ. ಅದು ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಎರಡು ತಿಂಗಳು! ಇಂಥ ವಾಹನ ಒಂದನ್ನು ಇಳಿಸಿದ್ದರೆ ಬೇಗ ಸಿಗುತ್ತಿರಲಿಲ್ಲವಾ?

ಕಡಲಹಕ್ಕಿ · ಭಾನುವಾರ ಬೆಳಿಗ್ಗೆ 10:05

ಆ ದಿನಗಳಲ್ಲಿ ಊರಲ್ಲೇ ಇದ್ದೆ. ಹೊಳೆ ನೋಡಿದವರು ಈ ಪ್ರಶ್ನೆ ಕೇಳುವುದಿಲ್ಲ. ಮುಳುಗುತಜ್ಞರು ಇಳಿಯಲು ಆಗದಷ್ಟು ಸೆಳವು. ನೀರು ಅಂದರೆ ಕೆಸರು ಗಂಜಿ, ಕೈ ಚಾಚಿದರೆ ಬೆರಳು ಕಾಣುವುದಿಲ್ಲ. ಅಡಿಯಲ್ಲಿ ಗುಡ್ಡದ ಮಣ್ಣು, ಬಂಡೆ, ಮರ.

ಫ್ಯೋರ್ಡ್_ತಟ್ಟೆಇಡ್ಲಿ · ಭಾನುವಾರ ಬೆಳಿಗ್ಗೆ 11:40

ಲೆಕ್ಕದಲ್ಲಿ ಹೇಳುವುದಾದರೆ ಹೀಗೆ. ಇಂಥ ಪೆಟ್ಟಿಗೆ ಆಕಾರದ ಸಣ್ಣ ವಾಹನದ ಮುಖ 0.15 ಚದರ ಮೀಟರ್ ಅಂದುಕೊಳ್ಳಿ. ಸೆಕೆಂಡಿಗೆ ಒಂದು ಮೀಟರ್ ಹರಿಯುವ ನೀರು ಅದನ್ನು ಸುಮಾರು ಏಳೂವರೆ ಕೆಜಿ ಬಲದಲ್ಲಿ ತಳ್ಳುತ್ತದೆ. ಹರಿವು ಎರಡು ಮೀಟರ್ ಆದರೆ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಮೂವತ್ತು ಕೆಜಿ. ಟಿ200 ಥರದ ಥ್ರಸ್ಟರ್ 16 ವೋಲ್ಟ್‌ಗೆ ಕೊಡುವುದು ಹೆಚ್ಚೆಂದರೆ ಐದು ಕೆಜಿ ಚಿಲ್ಲರೆ. ನಾಲ್ಕನ್ನು 45 ಡಿಗ್ರಿ ಓರೆಯಾಗಿ ಇಟ್ಟರೆ ಮುಂದಕ್ಕೆ ಸಿಗುವುದು ಒಟ್ಟು 14 ಕೆಜಿ. ಮುಗೀತು. ಎಂಥ ಜಾಣ ಕಂಟ್ರೋಲರ್ ಬರೆದರೂ ಇಲ್ಲದ ಬಲ ತರಲು ಆಗುವುದಿಲ್ಲ.

ಟಾರ್ಪಿಡೊ ಆಕಾರದವು ಇದಕ್ಕಿಂತ ಸಲೀಸಾಗಿ ನೀರು ಸೀಳುತ್ತವೆ. ಆದರೆ ಅವು ಒಂದೇ ಕಡೆ ನಿಲ್ಲುವ ಜಾತಿ ಅಲ್ಲ. ಓಡುತ್ತಿದ್ದರೇ ಅವುಗಳ ರೆಕ್ಕೆಗೆ ಹಿಡಿತ.

ಕಡಲಹಕ್ಕಿ · ಭಾನುವಾರ ಮಧ್ಯಾಹ್ನ 12:30

ಹೌದು, ಇವುಗಳ ಜಾಗ ಆಳ ಸಮುದ್ರ. ಅಲ್ಲಿ ನೀರು ಶಾಂತ. 2016ರ ಜುಲೈನಲ್ಲಿ ಚೆನ್ನೈಯಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ಕಾಣೆಯಾಯಿತು, 29 ಜನ ಇದ್ದರು. ಏಳು ವರ್ಷ ಕಳೆದು, 2024ರ ಜನವರಿಯಲ್ಲಿ ಅವಶೇಷದ ಸುದ್ದಿ ಬಂತು. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಎನ್‌ಐಒಟಿಯವರು ಇಳಿಸಿದ ಎಯುವಿ 3400 ಮೀಟರ್ ಆಳದಲ್ಲಿ ಸೋನಾರ್ ಹಿಡಿದು ನೆಲ ಗುಡಿಸುತ್ತಾ ಹೋಗಿ ಕಂಡದ್ದು. ಅಷ್ಟು ಆಳಕ್ಕೆ ಹಗ್ಗ ಕಟ್ಟಿದ ವಾಹನ ಇಳಿಸಿದರೆ ಹಗ್ಗದ ತೂಕವೇ ಒಂದು ಕಥೆ. ನಮ್ಮ ಕಾರವಾರದ ಪಕ್ಕದ ಗೋವಾದಲ್ಲೂ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಎನ್‌ಐಒದವರು "ಮಾಯಾ" ಅಂತ 200 ಮೀಟರ್ ಹೋಗುವ ಚಿಕ್ಕ ಎಯುವಿ ಮಾಡಿದ್ದಾರೆ.

ಹುಡುಗರಿಗೆ ಒಂದು ಮಾತು. ಆಳ ಹಿಡಿಯುವುದು, ದಿಕ್ಕು ಹಿಡಿಯುವುದು ಒಂದು ಪಾಲು. ಯಾವಾಗ ಕೆಲಸ ಬಿಟ್ಟು ಮೇಲೆ ಬರಬೇಕು ಅಂತ ವಾಹನಕ್ಕೆ ಗೊತ್ತಿರುವುದು ಅದಕ್ಕಿಂತ ದೊಡ್ಡ ಪಾಲು. 2014ರ ಏಪ್ರಿಲ್‌ನಲ್ಲಿ ಮಲೇಷ್ಯಾ ವಿಮಾನ ಎಂಎಚ್370 ಹುಡುಕಲು ಬ್ಲೂಫಿನ್-21 ಅನ್ನುವ ಎಯುವಿ ಇಳಿಸಿದರಲ್ಲ, ಮೊದಲ ದಿನವೇ ಅದು ಅರ್ಧದಲ್ಲಿ ವಾಪಸ್ ಬಂತು. ಅದಕ್ಕೆ ಹಾಕಿದ್ದ ಮಿತಿ 4500 ಮೀಟರ್. ಅಲ್ಲಿನ ನೆಲ ಅದಕ್ಕಿಂತ ಆಳ ಇತ್ತು. 16 ಗಂಟೆಯ ಕೆಲಸ ಸುಮಾರು ಆರು ಗಂಟೆಗೆ ಬಿಟ್ಟು ತಾನೇ ಎದ್ದು ಬಂತು. ಪೇಪರಿನಲ್ಲಿ "ವಿಫಲ" ಅಂತ ಬರೆದರು. ನನ್ನ ಪ್ರಕಾರ ಆ ದಿನ ಅದಕ್ಕಿಂತ ಚೆನ್ನಾಗಿ ಯಾರೂ ಕೆಲಸ ಮಾಡಿಲ್ಲ.

ಮೇಲೆ ಬರುವ ದಾರಿಯೇ ಇಲ್ಲದ ಕಡೆ ಏನಾಗುತ್ತದೆ ಅಂದರೆ, ಬ್ರಿಟನ್ನಿನ ಎಯುವಿ ಆಟೋಸಬ್-2ರ ಕಥೆ ಕೇಳಿ. 2005ರಲ್ಲಿ ಅಂಟಾರ್ಕ್ಟಿಕಾದ ಫಿಂಬುಲ್ ಹಿಮದ ಹಾಸಿನಡಿ ಹೋದದ್ದು ಹೊರಗೆ ಬರಲೇ ಇಲ್ಲ. ಸ್ವೀಡನ್ನಿನ ರಾನ್ ಕೂಡ ಹಾಗೇ, 2024ರ ಜನವರಿ, ಡಾಟ್ಸನ್ ಹಿಮದ ಹಾಸಿನಡಿ. ಎದ್ದು ಬಾ ಅಂದರೆ ಮೇಲೆ ನೂರಾರು ಮೀಟರ್ ಮಂಜುಗಡ್ಡೆ.

ಪಿಐಡಿ_ಅಪ್ಪ · ಭಾನುವಾರ ಮಧ್ಯಾಹ್ನ 1:15

ಕಡಲಹಕ್ಕಿಯವರು ಹೇಳಿದ್ದನ್ನು ಕೋಡಿನಲ್ಲಿ ಹೀಗೆ ತನ್ನಿ. ಈ ಕಾವಲು ಕೋಡ್ ರಾಸ್ಪ್‌ಬೆರಿ ಪೈಯಲ್ಲಿ ಇರಬಾರದು, ಎಸ್‌ಟಿಎಂ32ರಲ್ಲಿ ಇರಬೇಕು. ಪೈ ಹ್ಯಾಂಗ್ ಆಗಿ ನಿಂತಾಗಲೇ ಅಲ್ವಾ ಕಾವಲು ಬೇಕಾಗುವುದು? ಪೈ ಅರ್ಧ ಸೆಕೆಂಡಿಗೊಮ್ಮೆ "ಇದ್ದೇನೆ" ಅನ್ನಲಿ. ಎರಡು ಸೆಕೆಂಡ್ ಸದ್ದಿಲ್ಲ ಅಂದರೆ ಎಸ್‌ಟಿಎಂ32 ಥ್ರಸ್ಟರ್‌ಗಳನ್ನೆಲ್ಲ ನಿಲ್ಲಿಸಿಬಿಡಲಿ. ಉಳಿದದ್ದು ಆ 250 ಗ್ರಾಂ ನೋಡಿಕೊಳ್ಳುತ್ತದೆ. ಒಳಗೆ ನೀರು ಬಂದರೆ, ಬ್ಯಾಟರಿ ಇಳಿದರೆ, ಆಳದ ಮಿತಿ ದಾಟಿದರೆ, ಹೊತ್ತು ಮೀರಿದರೆ, ಎಲ್ಲಕ್ಕೂ ಅದೇ ಉತ್ತರ.

ಮುಳುಗುಮೀನು · ಬುಧವಾರ ಬೆಳಿಗ್ಗೆ 8:10

ಇವತ್ತು ಬೆಳಿಗ್ಗೆ ಕೊಳದಲ್ಲಿ ನೋಡಿದೆವು. ಮೊದಲು ಡಿ ಒಂದನ್ನೇ ಸರಿಮಾಡಿದೆವು. ಕಿಟ್ ಕಿಟ್ ಹೋಯಿತು. ಆದರೆ ಉಯ್ಯಾಲೆ ಹೋಗಲಿಲ್ಲ, 25 ಇದ್ದದ್ದು 15 ಸೆಂಮೀ ಆಯಿತು. ಆಮೇಲೆ ವಾಷರ್ ತೆಗೆದು, ಚೌಕಟ್ಟಿನ ಮೇಲ್ಭಾಗಕ್ಕೆ ಫೋಮ್ ಕಟ್ಟಿ, ನೇರ ಕೂಡಿಸುವ ಬಲವನ್ನೂ ಹಾಕಿದೆವು. ಈಗ ಪಲ್ಸ್ 1450ರ ಆಸುಪಾಸು ಓಡಾಡುತ್ತದೆ. ಆಚೀಚೆ 3 ಸೆಂಮೀ!!! ನಮ್ಮಲ್ಲೊಬ್ಬ ಖುಷಿಗೆ ಬಟ್ಟೆ ಸಮೇತ ಕೊಳಕ್ಕೆ ಹಾರಿ ವಾಚ್‌ಮನ್ ಹತ್ತಿರ ಬೈಸಿಕೊಂಡ.

ಈಗ ಹೊಸ ತಲೆನೋವು. ನಿಂತಿದ್ದಾಗ ದಿಕ್ಕು ಸರಿ ಇರುತ್ತದೆ. ಮುಂದಕ್ಕೆ ಜೋರಾಗಿ ಹೋಗು ಅಂದ ತಕ್ಷಣ ಕಂಪಾಸ್ 30 ಡಿಗ್ರಿ ತಪ್ಪು ಹೇಳುತ್ತದೆ. ಅದರ ಮೇಲೆ, ಕೊಳದ ಗೋಡೆ ಹತ್ತಿರ ಒಂದು ಥರ, ನಡುವೆ ಇನ್ನೊಂದು ಥರ.

ತಿರುಪು_ಬಿಗಿ · ಬುಧವಾರ ಬೆಳಿಗ್ಗೆ 9:00

ನೀವು ಹಾಕಿದ ಒಳಗಿನ ವೈರಿಂಗ್ ಫೋಟೋ ನೋಡಿದೆ. ಬ್ಯಾಟರಿಯ ಕೆಂಪು ವೈರು ಒಂದು ಕಡೆಯಿಂದ, ಕಪ್ಪು ವೈರು ಇನ್ನೊಂದು ಕಡೆಯಿಂದ ಬಂದಿದೆ. ನಡುವೆ ಐಎಂಯು ಕೂತಿದೆ, ಗಂಡ ಹೆಂಡತಿ ಜಗಳದ ಮಧ್ಯೆ ಮಗು ಕೂತ ಹಾಗೆ.

ಒಂದು ವೈರಿನಲ್ಲಿ 30 ಆಂಪ್ ಹರಿದರೆ 10 ಸೆಂಮೀ ದೂರದಲ್ಲಿ 60 ಮೈಕ್ರೋಟೆಸ್ಲಾ ಕಾಂತಕ್ಷೇತ್ರ. ನಮ್ಮ ಕಡೆ ಭೂಮಿಯದ್ದೇ ಸುಮಾರು 40. ಕಂಪಾಸ್ ಪಾಪ ಯಾರ ಮಾತು ಕೇಳಬೇಕು? ಕೆಂಪು ಕಪ್ಪು ಎರಡನ್ನೂ ಜಡೆಯ ಹಾಗೆ ಹೆಣೆಯಿರಿ. ಹೋಗುವ ಕರೆಂಟು ಬರುವ ಕರೆಂಟು ಒಂದನ್ನೊಂದು ಹೊಡೆದುಹಾಕುತ್ತವೆ. ಐಎಂಯುವನ್ನು ಕೊಳವೆಯ ಆ ತುದಿಗೆ ತಳ್ಳಿ.

ಗೋಡೆ ಹತ್ತಿರದ್ದು ಕಾಂಕ್ರೀಟಿನೊಳಗಿನ ಕಂಬಿ. ಅದಕ್ಕೆ ಮದ್ದಿಲ್ಲ, ಜಾಗ ಬದಲಿಸಬೇಕು. ಯಾರದ್ದಾದರೂ ತೋಟದಲ್ಲಿ ಕೃಷಿ ಹೊಂಡ ಇಲ್ಲವಾ? ಮಣ್ಣು ಅಗೆದು ಪ್ಲಾಸ್ಟಿಕ್ ಹಾಸಿದ್ದು. ಕಂಬಿ ಇಲ್ಲ, ಮೂರು ಮೀಟರ್ ಆಳ, ಇಡೀ ದಿನ ನಿಮ್ಮದೇ. ಆ ಪ್ಲಾಸ್ಟಿಕ್ ಮೇಲೆ ಕಾಲಿಟ್ಟರೆ ಜಾರಿ ಒಳಗೆ ಹೋಗುತ್ತೀರಿ, ಹತ್ತಲು ಹಿಡಿ ಸಿಗುವುದಿಲ್ಲ. ಟ್ಯೂಬು, ಹಗ್ಗ, ಈಜು ಬರುವ ಇಬ್ಬರು ದಡದಲ್ಲಿ ಇರಲೇಬೇಕು. ವಾಹನಕ್ಕೂ ಒಂದು ನೈಲಾನ್ ದಾರ.

ಇಳಿಸುವ ಮುಂಚೆ ಕೊಳವೆಗೆ ವ್ಯಾಕ್ಯೂಮ್ ಹಾಕಿ ನೋಡಿ. ಗ್ಯಾರೇಜಿನವರು ಬ್ರೇಕ್ ಬ್ಲೀಡ್ ಮಾಡುವ ಹ್ಯಾಂಡ್ ಪಂಪ್ ಸಾಕು. ಮುಳ್ಳು 10 ಇಂಚಿಗೆ (ಪಾದರಸದ ಇಂಚು) ಬರುವವರೆಗೆ ಎಳೆದು 15 ನಿಮಿಷ ಬಿಡಿ. ಮುಳ್ಳು ಅರ್ಧ ಇಂಚು ಇಳಿದರೂ ನೀರಿಗೆ ಹಾಕಬೇಡಿ. ನೀರು ತಡೆಯುವ ರಬ್ಬರ್ ಬಳೆ, ಅದೇ ಓ-ರಿಂಗ್, ಅದರ ಮೇಲೆ ಒಂದು ತಲೆಗೂದಲು ಇದ್ದರೆ ಸಾಕು ನೀರು ಬರಲು.

ಮತ್ತೆ ಆ ಪೈಪಿಗೆ ತೂತು. ಎರಡನೇ ಸಲ ಹೇಳುತ್ತಿದ್ದೇನೆ.

ಯಾಕ್_ಬೇಕು · ಬುಧವಾರ ಬೆಳಿಗ್ಗೆ 9:40

ಪೈಪಿನೊಳಗೆ ಗಾಳಿ ಇದ್ದರೆ ಒಳ್ಳೆಯದೇ ಅಲ್ವಾ ಸರ್, ತೇಲುತ್ತದೆ?

ತಿರುಪು_ಬಿಗಿ · ಬುಧವಾರ ಬೆಳಿಗ್ಗೆ 9:55

ಸೊಲ್ಯೂಷನ್ ಹಾಕಿದ ಜಾಯಿಂಟು ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಬಿಟ್ಟೇ ಬಿಟ್ಟಿರುತ್ತದೆ. ಗಂಟೆಗೆ ಒಂದಿಷ್ಟು ನೀರು ಒಳಗೆ ಹೋಗುತ್ತದೆ. ಬೆಳಿಗ್ಗೆ ತೂಗಿಸಿದ ತೂಕ ಮಧ್ಯಾಹ್ನ ಇರುವುದಿಲ್ಲ. ಒಳಗೆ ಅರ್ಧ ನೀರು ಅರ್ಧ ಗಾಳಿ ಇದ್ದರಂತೂ, ಮೂತಿ ಚೂರು ಮೇಲೆದ್ದರೆ ಗಾಳಿಯೆಲ್ಲ ಮೂತಿಗೆ ಓಡಿ ಅದನ್ನು ಇನ್ನೂ ಮೇಲೆತ್ತುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ, ಅರ್ಧ ಕೊಡ ಹೊತ್ತು ನಡೆದು ನೋಡಿ.

ಮುಳುಗುಮೀನು · ಮೂರು ವಾರದ ನಂತರ, ಭಾನುವಾರ ಸಂಜೆ 7:30

ದೊಡ್ಡಪ್ಪನ ತೋಟದ ಹೊಂಡದಿಂದ ಬರೆಯುತ್ತಿದ್ದೇನೆ. ಎಲ್ಲರೂ ಪಾಚಿ ವಾಸನೆ.

ವೈರ್ ಹೆಣೆದು ಐಎಂಯು ದೂರ ಇಟ್ಟ ಮೇಲೆ 30 ಡಿಗ್ರಿ ತಪ್ಪು 4ಕ್ಕೆ ಇಳಿದಿದೆ. ಕಂಬಿ ಇಲ್ಲದ್ದಕ್ಕೆ ಹೊಂಡದಲ್ಲಿ ಎಲ್ಲಿ ಹೋದರೂ ಒಂದೇ ಥರ. ಡಿವಿಎಲ್ ನಮ್ಮ ಕೈಗೆ ಆಗುವುದಿಲ್ಲ, ಅದಕ್ಕೆ ಒಂದೊಂದು ಥ್ರಸ್ಟ್‌ಗೆ ಹತ್ತು ಮೀಟರ್ ದಾಟಲು ಎಷ್ಟು ಸೆಕೆಂಡ್ ಅಂತ ಅಳೆದು ಪಟ್ಟಿ ಮಾಡಿಕೊಂಡಿದ್ದೇವೆ. ದಿಕ್ಕು ಹಿಡಿ, ಇಷ್ಟು ಸೆಕೆಂಡ್ ಹೋಗು, ತಿರುಗು. ಹೊಂಡದ ಸುತ್ತ ಚೌಕಾಕಾರ ಹೋಗಿ ಶುರುವಾದ ಜಾಗದಿಂದ ಒಂದೂಕಾಲು ಮೀಟರ್ ದೂರದಲ್ಲಿ ಎದ್ದಿತು. ಮುಂದೆ ಕ್ಯಾಮೆರಾ ಸೇರಿಸುತ್ತೇವೆ. ಈ ನೀರಲ್ಲಿ ಅದಕ್ಕೆ ಹಸಿರು ಬಿಟ್ಟು ಏನೂ ಕಾಣುವುದಿಲ್ಲ.

ಕಾವಲು ಕೋಡ್ ಪರೀಕ್ಷೆ ಮಾಡಲು ನಡು ಓಟದಲ್ಲಿ ಪೈ ಹ್ಯಾಂಗ್ ಆಗುವ ಹಾಗೆ ಬೇಕಂತಲೇ ಮಾಡಿದೆವು. ಎರಡು ಸೆಕೆಂಡ್ ಆದ ಮೇಲೆ ಥ್ರಸ್ಟರ್ ಸದ್ದು ನಿಂತಿತು. ಎಲ್ಲರೂ ಉಸಿರು ಹಿಡಿದು ನೋಡುತ್ತಿದ್ದೆವು. ನಿಧಾನಕ್ಕೆ ಹಳದಿ ಫೋಮ್ ಮೇಲೆ ಬಂತು, ಅದರ ಮೇಲೆ ಒಂದು ಕಪ್ಪೆ ಸಮೇತ.

ದೊಡ್ಡಪ್ಪ ಇಡೀ ದಿನ ಕಟ್ಟೆ ಮೇಲೆ ಕೂತು ನೋಡಿದರು. ಕೊನೆಗೆ ಕೇಳಿದ್ದು ಒಂದೇ. "ಇದು ಬೋರಿನಲ್ಲಿ ಸಿಕ್ಕಿಹಾಕಿಕೊಂಡ ಮೋಟ್ರು ತೆಗೀತದೇನೋ?" ಆರೂವರೆ ಇಂಚಿನ ಬೋರಿಗೆ ಇದು ಹಿಡಿಸುವುದಿಲ್ಲ ದೊಡ್ಡಪ್ಪ ಅಂದೆ. "ಹಂಗಾರೆ ಚಿಕ್ಕದು ಮಾಡ್ರಿ" ಅಂದರು.

ಕಡಲಹಕ್ಕಿ · ಭಾನುವಾರ ರಾತ್ರಿ 8:15

ದೊಡ್ಡಪ್ಪನ ಪ್ರಾಜೆಕ್ಟ್ ಮೊದಲು ಮಾಡಿ, ಗಿರಾಕಿ ಜಾಸ್ತಿ. ಸಮುದ್ರಕ್ಕೆ ಬರುವುದಾದರೆ ಡಿಸೆಂಬರ್ ಮೇಲೆ ಬನ್ನಿ, ನೀರು ತಿಳಿ ಇರುತ್ತದೆ. 450 ಗ್ರಾಂ ಸೀಸ ಮರೆಯಬೇಡಿ.

ತಿರುಪು_ಬಿಗಿ · ಭಾನುವಾರ ರಾತ್ರಿ 8:40

ತೂತು?

ಮುಳುಗುಮೀನು · ಭಾನುವಾರ ರಾತ್ರಿ 8:52

ಹೊಡೆದೆವು ಸರ್. ಎಡಗಡೆ ಕೆಳಗಿನ ಪೈಪಿಗೆ ಡ್ರಿಲ್ ಇಟ್ಟ ತಕ್ಷಣ ನೀರು ಚಿಮ್ಮಿತು. ಬಾಟಲಿಗೆ ಹಿಡಿದು ಅಳೆದೆವು, ಅರ್ಧ ಲೀಟರ್. ಈಜುಕೊಳದ ಕ್ಲೋರಿನ್ ವಾಸನೆ ಇನ್ನೂ ಇತ್ತು.